ಹೊರಗಿನ ಚಿಲಕ

ಅಟ್ಟೂರು ಬಡಾವಣೆಯ ಬ್ಯಾಟರಾಯಪ್ಪನವರ ಮನೆಯಲ್ಲಿ ಆ ವರ್ಷ ಗೌರಿಯನ್ನು ಕೂರಿಸಲಿಲ್ಲ. ಅವರ ಹೆಂಡತಿ ಮುನಿಕೆಂಪಮ್ಮ ಪುಷ್ಯ ಮಾಸದಲ್ಲಿ ತೀರಿಕೊಂಡಿದ್ದಳು. ವರ್ಷ ತುಂಬುವವರೆಗೆ ಮನೆಯಲ್ಲಿ ಬೇರೆ ಹಬ್ಬಗಳಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಹಬ್ಬ ಮಾತ್ರ ಮಾಡಬೇಕು. ಅದು ಸತ್ತವರದೇ ಹಬ್ಬ.

ಬ್ಯಾಟರಾಯಪ್ಪನವರು ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ನಾಮ ಹಚ್ಚಿ, ದೇವರ ಮುಂದೆ ದೀಪವಿಡದೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಮೊದಲೆಲ್ಲ ಪೂಜೆ ಮುಗಿದ ಮೇಲೆ ಹೆಂಡತಿಯ ಕೈಗೆ ತೀರ್ಥ ಹಾಕುತ್ತಿದ್ದರು. ಈಗ ಉದ್ಧರಣೆ ಹಿಡಿದು ಸ್ವಲ್ಪ ಹೊತ್ತು ನಿಂತು, ತಾವೇ ಕುಡಿದು ಏಳುತ್ತಿದ್ದರು. ಮಗ ನಂದಕುಮಾರ್ ಹಳೇ ಪೇಟೆಯಲ್ಲಿ ವೈರು, ಸ್ವಿಚ್ಚು, ಬಲ್ಬುಗಳ ಅಂಗಡಿ ಇಟ್ಟುಕೊಂಡಿದ್ದ. ಸೊಸೆ ಸರಳಾ ಮನೆಯನ್ನು ನಡೆಸುತ್ತಿದ್ದಳು. ಮೊಮ್ಮಗಳು ತೇಜಸ್ವಿನಿ ಎಂ.ಎ. ಮುಗಿಸಿ, ಕೆಂಪಾಪುರದಲ್ಲಿ ಮೊಬೈಲಿನ ಆಟ ತಯಾರಿಸುವ ಸಣ್ಣದೊಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು.

ಅವಳ ಕೆಲಸ ಏನೆಂಬುದು ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಕೇಳಿದರೆ, "ಗೇಮಲ್ಲಿ ಬರೋ ಪಾತ್ರಗಳಿಗೆ ಹಿನ್ನೆಲೆ ಬರೀತೀನಿ. ಅವ್ರು ಎಲ್ಲಿ ಹುಟ್ಟಿದ್ರು, ಏನ್ ನೋವು ತಿಂದ್ರು, ಯಾಕ್ ಹಂಗಾದ್ರು ಅಂತ," ಎನ್ನುತ್ತಿದ್ದಳು. "ದೆವ್ವದ ಆಟವಾ?" ಎಂದು ತಾತ ಕೇಳಿದ್ದಕ್ಕೆ, "ದೆವ್ವ ಇರಲ್ಲ ತಾತ. ಮನುಷ್ಯರೇ. ಮನಸ್ಸಿಗೇ ಭಯ ಆಗ್ಬೇಕು, ಅಂಥದ್ದು," ಎಂದಿದ್ದಳು. ತಾತ ಮತ್ತೆ ಕೇಳಲಿಲ್ಲ.

ಗಣೇಶನ ಹಬ್ಬ ಮುಗಿದ ಮೇಲಿನ ಭಾನುವಾರ ಸುಬ್ರಮಣಿ ಬಂದ. ಇವನು ಮುನಿಕೆಂಪಮ್ಮನ ತಂಗಿ ಅಕ್ಕಯಮ್ಮನ ಮಗ. ಹೆಬ್ಬಾಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಸರಳಾ ಅಡಿಗೆಮನೆಯ ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಏನ್ ಅತ್ತಿಗೆ, ನಿಮ್ ಮನೆ ಗೇಮಲ್ಲಿ ಬಂದ್ಬಿಟ್ಟೈತೆ, ಒಂದ್ ಮಾತೂ ಹೇಳಿಲ್ಲ!"

"ಯಾವ್ ಗೇಮು?"

"ತೇಜು ಕಂಪನೀದು. ಸ್ಯಾಂಪಲ್ ಬಿಟ್ಟವ್ರೆ. ನಮ್ ಅಂಗ್ಡಿ ಹುಡುಗ್ರೆಲ್ಲ ಆಡಿ ಬೆವ್ರು ಒರೆಸ್ಕೊಂಡ್ರು. ನೋಡಿ ಇಲ್ಲಿ."

ಅವನು ಫೋನನ್ನು ಸೊಪ್ಪಿನ ಮೊರದ ಅಂಚಿಗೆ ಒರಗಿಸಿಟ್ಟ. ತೆರೆಯ ಮೇಲೆ ಒಂದು ಮನೆಯ ನಡುಮನೆ. ಗೋಡ್ರೇಜ್ ಬೀರು, ದೇವರ ಕ್ಯಾಲೆಂಡರು, ಮುಂದೆ ಒಳಕೋಣೆಯತ್ತ ಹೋಗುವ ಕಿರಿದಾದ ಓಣಿ. ಓಣಿಯ ಕೊನೆಗೆ ನೀಲಿ ಬಾಗಿಲು. ಬಾಗಿಲಿಗೆ ಹೊರಗಡೆಯಿಂದ ಚಿಲಕ. ಒಳಗಿನಿಂದ ದನಿ ಬಂತು.

"ಯಾರವ್ವಾ ಅದು ಹೊರಗೆ? ಬಾಗ್ಲು ತೆಗಿ. ಹಸ ಬಂದೈತೆ, ಹಾಲ್ ಕರೀಬೇಕು."

ಸರಳಾಳ ಕೈಯಲ್ಲಿದ್ದ ದಂಟು ಹಾಗೆಯೇ ನಿಂತಿತು. ದೇವರ ಕೋಣೆಯಿಂದ ಬ್ಯಾಟರಾಯಪ್ಪನವರು ಹೊರಗೆ ಬಂದರು. ಕೈಯಲ್ಲಿ ಹೂವಿನ ಬುಟ್ಟಿ ಇತ್ತು.

"ಯಾರು ಮಾತಾಡಿದ್ದು?" ಎಂದರು.

"ಗೇಮು ದೊಡ್ಡಪ್ಪ," ಎಂದ ಸುಬ್ರಮಣಿ. ಅವನಿಗೆ ಆಗ ಕೊಂಚ ಅಳುಕಾಯಿತು. "ದೊಡ್ಡಮ್ಮನ ದನಿ ಥರಾನೇ ಐತಲ್ವಾ? ನಮ್ಮವ್ವ ಕೇಳಿ ಅತ್ತುಬಿಟ್ಲು."

"ಥರ ಅಲ್ಲ. ಅವಳದೇ," ಎಂದರು ಬ್ಯಾಟರಾಯಪ್ಪನವರು.

"ಆಡೋರು ಯಾರು ಇದ್ರಲ್ಲಿ?" ಎಂದು ಸರಳಾ ಕೇಳಿದಳು.

"ಆಡೋರೇ ಸೊಸೆ. ಅಂದ್ರೆ ಇದ್ರಲ್ಲಿ ನಾನೇ ನೀವು, ಅತ್ತಿಗೆ." ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. "ಚಿಲಕ ತೆಗಿಯಕ್ ಹೋದ್ರೆ ಕೈ ನಡುಗ್ತದೆ. ತೆಗಿಯಕ್ಕಾಗಲ್ಲ. ಅಲ್ಲಿಗ್ ಮುಗೀತು. ಮುಂದಿಂದು ಆಮೇಲ್ ಬರ್ತದಂತೆ."

"ಚಿಲಕ ಹಾಕಿದ್ದು ಯಾರು?"

"ಅದೂ ಸೊಸೇನೇ. ಬರ್ದವ್ರೆ ನೋಡಿ, ಪಾತ್ರದ ಹಿನ್ನೆಲೆ ಅಂತ." ಅವನು ಬೆರಳಿಂದ ಒತ್ತಿ ಓದಿದ: "ಕೆಂಪಜ್ಜಿ. ಹಸು, ಹೊಲ, ಬಾವಿ ಕಂಡು ಬೆಳೆದವಳು. ಈಗ ಎಲ್ಲವನ್ನೂ ಮರೆತಿದ್ದಾಳೆ. ಸೊಸೆ ಅವಳನ್ನು ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಾಳೆ. ಅಜ್ಜಿ ಕರೆಯುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ."

ಸರಳಾ ಎದ್ದು ಕೈ ತೊಳೆದಳು. "ಊಟ ಮಾಡ್ಕೊಂಡ್ ಹೋಗು ಸುಬ್ರಮಣಿ. ಅನ್ನ ಆಗಿದೆ, ಸಾರಿಗೆ ಒಗ್ಗರಣೆ ಹಾಕಿದ್ರೆ ಆಯ್ತು," ಎಂದಳು. ಅವನಿಗೂ ಮಾವನಿಗೂ ಬಡಿಸಿದಳು. ತಾನು ಆ ಮಧ್ಯಾಹ್ನ ಊಟ ಮಾಡಲಿಲ್ಲ.

ಚಿಲಕದ ಸಂಗತಿ ಸುಳ್ಳಲ್ಲ. ಮುನಿಕೆಂಪಮ್ಮನಿಗೆ ಕೊನೆಯ ಎರಡು ವರ್ಷ ಮರೆವು ಹೆಚ್ಚಾಗಿತ್ತು. ಒಂದು ಸಲ ಹಾಲಿನ ಚೊಂಬು ಹಿಡಿದು ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಹೋಗಿ, ಎರಡನೇ ಪ್ಲಾಟ್‌ಫಾರಂ ತುದಿಯಲ್ಲಿ ಹಳಿಗೆ ಇಳಿಯಲು ನಿಂತಿದ್ದಳು. ಅಲ್ಲಿ ತಮ್ಮ ಹೊಲದ ಬಾವಿ ಇದೆ ಎಂದು ಅವಳ ಎಣಿಕೆ. ಇನ್ನೊಂದು ಸಲ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಲಾರಿಯವನೊಬ್ಬ ಕರೆತಂದು ಬಿಟ್ಟ. ಆಮೇಲೆ ನಂದಕುಮಾರ್ ತನ್ನ ಅಂಗಡಿಯ ಪಕ್ಕದ ಬಡಗಿಯನ್ನು ಕರೆಸಿ ಚಿಲಕ ಹಾಕಿಸಿದ. ಹಗಲು ಹೊತ್ತು ಮನೆಯಲ್ಲಿ ಸರಳಾ ಒಬ್ಬಳೇ. ಮಾವ ದೇವಸ್ಥಾನಕ್ಕೆ, ಪಿಂಚಣಿಯ ಕೆಲಸಕ್ಕೆ ಹೋದರೆ ತಿರುಗಿ ಬರುವುದು ತಡ. ಅವಳು ಒಲೆಯ ಮುಂದೆ ನಿಂತಾಗ, ಸ್ನಾನಕ್ಕೆ ಹೋದಾಗ, ಬಟ್ಟೆ ಒಣಹಾಕಲು ಮಹಡಿಗೆ ಹತ್ತಿದಾಗ ಚಿಲಕ ಹಾಕುತ್ತಿದ್ದಳು. ನೆಂಟರು ಬಂದಾಗ ಆ ಬಾಗಿಲು ತೆರೆದೇ ಇರುತ್ತಿತ್ತು. ಹೀಗಾಗಿ ಅಕ್ಕಯಮ್ಮನ ಕಡೆಯವರಿಗೆ ಇದು ತಿಳಿದಿರಲಿಲ್ಲ.

ಸಂಜೆ ತೇಜಸ್ವಿನಿ ಗೆಳತಿಯ ಮನೆಯಿಂದ ಬರುವ ಹೊತ್ತಿಗೆ ನಂದಕುಮಾರನೂ ಬಂದಿದ್ದ. ಸರಳಾ ಚಪಾತಿ ಲಟ್ಟಿಸುತ್ತಿದ್ದಳು.

"ನಿನ್ನ ಆಟದಲ್ಲಿ ನನ್ನ ಪಾತ್ರ ಚೆನ್ನಾಗಿದ್ಯಂತೆ," ಎಂದಳು.

ತೇಜಸ್ವಿನಿ ಬ್ಯಾಗು ಕೆಳಗಿಟ್ಟಳು. "ಯಾರ್ ಹೇಳಿದ್ರು?"

"ಹೆಬ್ಬಾಳದವ್ರೆಲ್ಲ ಆಡಿದಾರೆ. ಬೆವ್ರು ಬಂತಂತೆ."

"ಅಮ್ಮ, ಅದು ಬರೀ ಮೊದಲ್ನೇ ಭಾಗ. ಪೂರ್ತಿ ಆಡಿದ್ರೆ ಸೊಸೆ ಯಾಕ್ ಚಿಲಕ ಹಾಕಿದ್ಲು ಅಂತ ಗೊತ್ತಾಗತ್ತೆ. ರೈಲ್ವೆ ಸ್ಟೇಷನ್ ಎಲ್ಲಾ ಬರತ್ತೆ. ಕೊನೇಲಿ ಆಡೋರು ಅವಳಿಗೋಸ್ಕರ ಅಳ್ಬೇಕು, ಹಂಗ್ ಬರ್ದಿದೀನಿ."

"ಆ ಕೊನೆ ಯಾವಾಗ ಬರತ್ತೆ?"

"ಮುಂದಿನ ವರ್ಷ. ಯಾರಾದ್ರೂ ಬಂಡವಾಳ ಹಾಕಿದ್ರೆ."

"ಅಲ್ಲೀವರ್ಗೂ ನಾನು ಹಿಂಗೇ ಚಿಲಕದ ಮೇಲೆ ಕೈಯಿಟ್ಕೊಂಡ್ ನಿಂತಿರ್ಬೇಕಾ?"

ನಂದಕುಮಾರ್ ನಡುವೆ ಬಾಯಿ ಹಾಕಿದ. "ಚಿಲಕ ಹಾಕ್ಸಿದ್ದು ನಾನು. ನನ್ ಹೆಸ್ರು ಯಾಕ್ ಬರೀಲಿಲ್ಲ ನೀನು?"

"ಪಾತ್ರ ಜಾಸ್ತಿ ಆಗತ್ತಪ್ಪ. ಸಣ್ಣ ಗೇಮು."

"ಓ, ನಂಗೆ ಜಾಗ ಸಾಲ್ಲಿಲ್ಲ!"

"ನೀವ್ ಸುಮ್ನಿರಿ," ಎಂದಳು ಸರಳಾ. ಲಟ್ಟಣಿಗೆ ಪಕ್ಕಕ್ಕಿಟ್ಟು ಮಗಳ ಕಡೆ ತಿರುಗಿದಳು. "ತೇಜು, ಚಿಲಕ ಹಾಕಿದೀನಿ, ಇಲ್ಲ ಅನ್ನಲ್ಲ. ಆದ್ರೆ ಯಾರೂ ಉತ್ತರ ಕೊಡಲ್ಲ ಅಂತ ಬರ್ದಿದ್ಯಲ್ಲ. ನಿಮ್ಮಜ್ಜಿ ಕರ್ದಾಗ ನಾನು ಓ ಅನ್ನದೆ ಇದ್ದ ಒಂದ್ ದಿನ ತೋರ್ಸು."

ತೇಜಸ್ವಿನಿ ಕೆಳಗಿಟ್ಟ ಬ್ಯಾಗನ್ನು ಎತ್ತಿಕೊಂಡಳು. ಅಜ್ಜಿಯ ದನಿಯನ್ನು ಅವಳು ಫೋನಿನಲ್ಲಿ ಹಿಡಿದಿಟ್ಟದ್ದು ಮನೆಯೊಳಗಿನ ಓಣಿಯಲ್ಲೇ, ಒಂದು ರಜಾದಿನ. ಅದರಲ್ಲಿ ಎರಡು ದನಿಗಳಿದ್ದವು.

ಮರುದಿನದಿಂದ ಸರಳಾ ಮಗಳೊಡನೆ ಮಾತು ಬಿಟ್ಟಳು. ಅಡಿಗೆ ನಿಲ್ಲಿಸಲಿಲ್ಲ. ಎಲ್ಲರ ಡಬ್ಬಿಯನ್ನೂ ತುಂಬಿ ಕಟ್ಟೆಯ ಮೇಲಿಡುತ್ತಿದ್ದಳು. ತೇಜಸ್ವಿನಿಯ ಡಬ್ಬಿಯನ್ನು ತೊಳೆದು ಖಾಲಿಯಾಗಿ ಇಡುತ್ತಿದ್ದಳು. ಪಾತ್ರೆಯಲ್ಲಿ ಚಿತ್ರಾನ್ನ ಇರುತ್ತಿತ್ತು, ಬೇಕಾದರೆ ಹಾಕಿಕೊಳ್ಳಬಹುದು. ತೇಜಸ್ವಿನಿ ಹಾಕಿಕೊಳ್ಳಲಿಲ್ಲ. ಆಫೀಸಿನ ಕೆಳಗಿನ ಬೇಕರಿಯಲ್ಲಿ ಬನ್ನು ತಿಂದಳು.

"ತಾಯಿ ಮಗಳು ಇಬ್ರೂ ಒಂದೇ ಅಚ್ಚು," ಎಂದು ನಂದಕುಮಾರ್ ತಂದೆಯೊಡನೆ ಹೇಳಿದ. "ನೀವಾದ್ರೂ ಒಂದ್ ಮಾತು ಹೇಳ್ಬಾರ್ದಾ ಅಪ್ಪ?"

"ಏನಂತ ಏಳ್ಲಿ?" ಎಂದರು ಬ್ಯಾಟರಾಯಪ್ಪನವರು.

ಕಂಪನಿ ಎಂದರೆ ಬೇಕರಿಯ ಮೇಲಿನ ಎರಡು ಕೋಣೆ. ಅದನ್ನು ನಡೆಸುತ್ತಿದ್ದ ಜಿಯಾವುಲ್ಲಾ ಆರ್.ಟಿ. ನಗರದವನು. ಬಾದಾಮಿಯ ಕಡೆಯ ಸಂಗಮೇಶ ಆಟದ ಪ್ರೋಗ್ರಾಮಿಂಗ್ ನೋಡಿಕೊಳ್ಳುತ್ತಿದ್ದ. ಶಬ್ದ ಕೂಡಿಸುವುದೂ ಅವನೇ. ತೇಜಸ್ವಿನಿ ಮೊದಲು ಬೇರೆ ಪಾತ್ರಗಳನ್ನು ಬರೆದುಕೊಟ್ಟಿದ್ದಳು: ಖಾಲಿ ತರಗತಿಯಲ್ಲಿ ಹಾಜರಿ ಕೂಗುವ ಮೇಷ್ಟ್ರು, ಮದುವೆಯ ಸೀರೆ ಬಿಚ್ಚದ ಹೆಂಗಸು, ತನ್ನ ಮುಖ ಮರೆತ ಫೋಟೋಗ್ರಾಫರು. ಎಲ್ಲವನ್ನೂ ಓದಿ ಜಿಯಾವುಲ್ಲಾ, "ಇವೆಲ್ಲ ಎಲ್ಲೋ ನೋಡಿದ ಹಾಗಿವೆ. ನೀವು ಕಣ್ಣಾರೆ ಕಂಡಿದ್ದು ಏನಾದ್ರೂ ಬರೀರಿ," ಎಂದಿದ್ದ. ಆಗ ಅವಳು ಬರೆದದ್ದು ಕೆಂಪಜ್ಜಿ.

"ಆ ಪಾತ್ರ ತೆಗೀಬೇಕು ಸರ್," ಎಂದಳು ಈಗ.

"ಆ ಬಾಗಿಲೇ ನಮ್ಮ ಗೇಮು, ತೇಜಸ್ವಿನಿ. ಅದನ್ನ ತೆಗೆದ್ರೆ ಉಳಿಯೋದು ಖಾಲಿ ಮನೆ. ಬಾಡಿಗೆಗೆ ಕೊಡ್ಬಹುದು ಅಷ್ಟೆ."

"ಮನೇಲಿ ತೊಂದ್ರೆ ಆಗಿದೆ."

"ಹೆಸರು ಬದಲಾಯಿಸಿ. ಬಾಗಿಲಿನ ಬಣ್ಣ ಬದಲಾಯಿಸಿ. ಯಾರಿಗೆ ಗೊತ್ತಾಗತ್ತೆ?"

"ಹೋಗ್ಲಿ, ಸೊಸೆ ಉತ್ತರ ಆದ್ರೂ ವಾಪಸ್ ಸೇರ್ಸೋಣ. ಮೂಲದಲ್ಲಿ ಇದೆ."

ಸಂಗಮೇಶ ಕಿವಿಯಿಂದ ಹೆಡ್‌ಫೋನ್ ತೆಗೆದ. "ಉತ್ತರ ಬಂದ್ರ ಅಂಜಿಕೀನ ಬರೂದಿಲ್ಲವಾ. ಮುದುಕಿ ಒಳಗಿಂದ ಕರೀತಾಳ, ಹೊರಗ ಯಾರೂ ಓ ಅನ್ನೂದಿಲ್ಲ. ಎಲ್ಲಾ ಅದರಾಗ ಐತಿ. ಅವತ್ತ ಅದನ್ನ ಕತ್ತರಿಸು ಅಂತ ಹೇಳಿದಾಕಿ ನೀನ ಅಲ್ಲನು?"

"ನಾನೇ," ಎಂದಳು ತೇಜಸ್ವಿನಿ.

ಕೆಂಪಜ್ಜಿ ಗೌರಜ್ಜಿಯಾದಳು. ನೀಲಿ ಬಾಗಿಲು ಹಸಿರಾಯಿತು. ದನಿ ಹಾಗೆಯೇ ಉಳಿಯಿತು.

ದನಿ ಉಳಿದದ್ದು ಬ್ಯಾಟರಾಯಪ್ಪನವರಿಗೆ ಬೇಕಾಗಿತ್ತು. ಸುಬ್ರಮಣಿ ಬಂದುಹೋದ ಮರುದಿನವೇ ಅವರು ಪೂಜೆ ಮುಗಿಸಿ ಹೊರಗಿನ ಮೆಟ್ಟಿಲ ಮೇಲೆ ಕೂತು ಮೊಮ್ಮಗಳನ್ನು ಕರೆದಿದ್ದರು.

"ಅದೇನೋ ಆಟ ಅಂದ್ರಲ್ಲ, ಒಂದ್ಸಲ ಆಕವ್ವಾ."

ಅವಳು ಹಾಕಿದಳು. ಅವರು ತೆರೆಯನ್ನು ನೋಡಲಿಲ್ಲ. ತಲೆ ಬಗ್ಗಿಸಿ ಕೇಳಿದರು. ಗೋಡೆಯ ಮೇಲೆ ಹೆಂಡತಿಯ ಪಟವಿತ್ತು. ಅದಕ್ಕೆ ದಿನವೂ ಹೂ ಹಾಕುತ್ತಿದ್ದರು. ಆದರೆ ದನಿ ಮತ್ತೆ ಕೇಳೀತೆಂದು ಅವರು ಎಣಿಸಿರಲಿಲ್ಲ.

"ಇನ್ನೊಂದ್ಸಲ."

ಇದು ದಿನದ ರೂಢಿಯಾಯಿತು. ತೇಜಸ್ವಿನಿ ಬಸ್ಸಿಗೆ ಹೊರಡುವ ಮುಂಚೆ ಮೆಟ್ಟಿಲ ಮೇಲೆ ತಾತನ ಪಕ್ಕ ಕೂತು ಆ ಬಾಗಿಲವರೆಗೆ ಆಡಿ ತೋರಿಸುತ್ತಿದ್ದಳು. "ಇದನ್ನ ತೆಗೀಬ್ಯಾಡ ಕಣವ್ವಾ. ನಿಮ್ಮಮ್ಮಂಗೆ ಏಳ್ಬ್ಯಾಡ," ಎಂದು ಒಂದು ದಿನ ಹೇಳಿದರು. ಮಹಡಿಯ ಮೇಲೆ ಸೀರೆ ಹಿಂಡುತ್ತಿದ್ದ ಸರಳಾಳಿಗೆ ಆ ಮಾತು ಕೇಳಿಸಿತು. ಅವಳು ಸೀರೆಯನ್ನು ಕೊಡವಿ ತಂತಿಯ ಮೇಲೆ ಹರಡಿದಳು.

ಗಂಡ ಊಟಕ್ಕೆ ಕೂತಾಗ ಹೇಳಿದಳು: "ಮಾವಂಗೆ ಅದು ಬೇಕಾಗಿದೆ. ಇನ್ನು ತೇಜೂನ ಯಾರೂ ಏನೂ ಕೇಳೋದ್ ಬೇಡ."

"ನಿನ್ ಕಥೆ?"

"ನಂದೇನು. ಸಾರು ಹಾಕ್ಲಾ?"

ಪಿತೃಪಕ್ಷ ಹಿಡಿದ ಮೇಲೆ ಒಂದು ಬೆಳಿಗ್ಗೆ ಅಕ್ಕಯಮ್ಮ ಕೆಂಪಾಪುರದಿಂದ ಆಟೋ ಮಾಡಿಕೊಂಡು ಬಂದಳು. ಅಕ್ಕನಿಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಅಕ್ಕನೇ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಚಪ್ಪಲಿ ಬಿಟ್ಟವಳೇ ಬಾವನ ಎದುರು ಕೂತಳು.

"ಬಾಗ್ಲಿಗೆ ಅಸಿರು ಬಣ್ಣ ಬಳ್ದವ್ರಂತೆ. ಬಣ್ಣ ಬಳ್ದ್ಬಿಟ್ರೆ ನಮ್ಮಕ್ಕನ ದನಿ ನಂಗೆ ಗೊತ್ತಾಗಾಕಿಲ್ವಾ ಬಾವ? ಮುಚ್ಚಾಕಾಕೆ ಓಗವ್ರೆ. ಅಂಗಂದ್ಮ್ಯಾಕೆ ನಿಜಾನೇ ಇರ್ಬೇಕಲ್ಲ?"

"ಏನು ನಿಜ?"

"ಕೂಡಾಕಿದ್ದು! ನಾನ್ ಬಂದಾಗೆಲ್ಲ ಬಾಗ್ಲು ತೆಗ್ದು, ತಲೆ ಬಾಚಿ, ಜಗ್ಲಿ ಮ್ಯಾಲೆ ಕೂರ್ಸ್ತಿದ್ಲು ನಿನ್ ಸೊಸೆ. ಆಟ ಅಂದ್ರೆ ಅದು."

ಸರಳಾ ಕಾಫಿ ತಂದು ಅವಳ ಮುಂದಿಟ್ಟಳು. ಅಕ್ಕಯಮ್ಮ ಲೋಟ ಮುಟ್ಟಲಿಲ್ಲ.

"ಇರೇರ ಅಬ್ಬದಾಗೆ ಅಕ್ಕನ ಎಡೆ ನಾನ್ ಇಕ್ತೀನಿ ಬಾವ. ಚಿಲಕ ಆಕಿದ್ ಕೈಯಲ್ಲಿ ಇಟ್ಟ ಎಡೆ ನಮ್ಮಕ್ಕ ಮುಟ್ಟಾಕಿಲ್ಲ."

ಮುತ್ತೈದೆಯಾಗಿ ಸತ್ತವಳ ಮೊದಲ ಎಡೆಯನ್ನು ಆ ಮನೆಯ ಸೊಸೆಯೇ ಇಡಬೇಕು. ಆಮೇಲೆ ವರ್ಷ ವರ್ಷವೂ ಅವಳದೇ ಆ ಕೆಲಸ. ಮನೆಯ ಒಲೆ ಅತ್ತೆಯಿಂದ ಸೊಸೆಗೆ ಬಂತೆಂದು ನೆಂಟರು ಒಪ್ಪುವುದು ಆ ದಿನ. ಅದನ್ನು ತಪ್ಪಿಸಿ ಬೇರೆಯವರ ಕೈಯಿಂದ ಇಡಿಸಿದರೆ, ಸರಳಾ ಆ ಮನೆಯಲ್ಲಿ ಇದ್ದೂ ಇಲ್ಲದವಳಾಗುತ್ತಿದ್ದಳು. ಇದು ಅಲ್ಲಿದ್ದ ಮೂವರಿಗೂ ತಿಳಿದಿತ್ತು.

"ನೋಡಾಣ," ಎಂದರು ಬ್ಯಾಟರಾಯಪ್ಪನವರು.

ಅಕ್ಕಯಮ್ಮ ಹೋದ ಮೇಲೆ ಸರಳಾ ಕೆನೆಗಟ್ಟಿದ ಕಾಫಿಯನ್ನು ಬಚ್ಚಲಿಗೆ ಚೆಲ್ಲಿದಳು. "ಮಾವ, ಚಿಕ್ಕತ್ತೇನೇ ಇಡ್ಲಿ. ನಾನು ಅವತ್ತು ತೌರಿಗೆ ಹೋಗಿ ಬರ್ತೀನಿ," ಎಂದಳು. ದನಿ ಎತ್ತರಿಸಲಿಲ್ಲ.

ನಂದಕುಮಾರ್ ಸುದ್ದಿ ತಿಳಿದು ಅಂಗಡಿಯಿಂದ ಮಧ್ಯಾಹ್ನವೇ ಬಂದ. "ನೋಡೋಣ ಅಂದ್ರಂತಲ್ಲಪ್ಪ! ಏನ್ ನೋಡೋದಿತ್ತು? ಅವಳು ಎರಡು ವರ್ಷ ಒಂದ್ ಮದುವೆಗೆ ಹೋಗ್ಲಿಲ್ಲ, ಒಂದ್ ಮುಂಜಿಗ್ ಹೋಗ್ಲಿಲ್ಲ. ಅಮ್ಮನ ಹಾಸಿಗೆ ಒಗ್ದವಳು ಯಾರು, ಚಿಕ್ಕಮ್ಮನಾ?"

"ನಂಗೊತ್ತು ಕಣಪ್ಪ."

"ಗೊತ್ತಿದ್ರೆ ಹೇಳ್ಬೇಕಿತ್ತು!"

ತಂದೆ ಎದ್ದು ದೇವರ ಕೋಣೆಗೆ ಹೋದರು. ಅಲ್ಲಿ ಕೂತರು, ಪೂಜೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಮೆಟ್ಟಿಲ ಮೇಲೆ ಕೂತು ಕರೆದಾಗ ತೇಜಸ್ವಿನಿ ಫೋನು ತೆಗೆದಳು. ಆದರೆ ಆಟವನ್ನು ತೆರೆಯಲಿಲ್ಲ.

"ತಾತ, ಇದು ಪೂರ್ತಿ ಇರೋದು. ನಾನು ಮೊದಲು ರೆಕಾರ್ಡ್ ಮಾಡಿದ್ದು," ಎಂದಳು.

"ಯಾರವ್ವಾ ಅದು ಹೊರಗೆ?" ಎಂದಿತು ದನಿ.

"ನಾನೇ ಅತ್ತೆ, ಸರಳಾ."

ಬ್ಯಾಟರಾಯಪ್ಪನವರು ತಲೆ ಎತ್ತಿದರು.

"ಬಾಗ್ಲು ತೆಗಿ. ಹಸ ಬಂದೈತೆ, ಹಾಲ್ ಕರೀಬೇಕು."

"ಕರೆದಾಯ್ತು ಅತ್ತೆ. ಎರಡು ಚೊಂಬು ತುಂಬ ಬಂತು."

"ಕರೀ ಹಸಕ್ಕೆ ಬೂಸ ಇಟ್ಯಾ?"

"ಇಟ್ಟೆ. ತಿಂತಾ ಇದೆ. ಗಂಜಿ ಬಸೀತಿದೀನಿ, ಬಸಿದ ತಕ್ಷಣ ಬಂದೆ."

"ಮೈಮ್ಯಾಲೆ ಚೆಲ್ಕೊಂಡೀಯೆ. ಉಸಾರು ಕಣೇ."

"ಆಯ್ತತ್ತೆ."

ಆಮೇಲೆ ಪಾತ್ರೆಯ ಸದ್ದು, ಹೆಜ್ಜೆಯ ಸದ್ದು, ಚಿಲಕ ತೆಗೆದ ಸದ್ದು. ಅಲ್ಲಿಗೆ ಮುಗಿಯಿತು.

ಬ್ಯಾಟರಾಯಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಈ ಮಾತು ಯಾಕ್ ಕಿತ್ತಾಕ್ದೆ?"

"ಅದಿದ್ರೆ ಭಯ ಬರಲ್ಲ ತಾತ."

"ಭಯ ಬರ್ಬೇಕಾಗಿತ್ತಾ?"

"ಅದೇ ತಾತ ನನ್ ಕೆಲ್ಸ."

ಅವರು ಬೀದಿಯನ್ನು ನೋಡುತ್ತ ಕೂತರು. ನೀರಿನ ಟ್ಯಾಂಕರು ಎದುರುಮನೆಯ ಮುಂದೆ ನಿಂತಿತ್ತು.

"ನಿಮ್ಮಜ್ಜಿ ಆ ಕೋಣೇಲಿ ಒಂದಿನಾನೂ ಒಬ್ಳೇ ಇರ್ನಿಲ್ಲ ಕಣವ್ವಾ. ನೀನು ಒಬ್ಳೇ ಕೂರಿಸ್ಬಿಟ್ಟೆ. ನಾನೂ ದಿನಾ ಬಂದು ಅದನ್ನೇ ಕೇಳ್ಕೊಂಡ್ ಕುಂತಿದ್ದೆ." ಎದ್ದು ನಿಂತರು. "ತೆಗ್ಸಿಬಿಡು."

"ದನಿ ಹೋಗ್ಬಿಡತ್ತೆ ತಾತ, ಗೇಮಿಂದ."

"ಓಗ್ಲಿ."

ಅವಳು ಅಂದು ಆಫೀಸಿನಲ್ಲಿ ಕೂರುವ ಮೊದಲೇ ಮಾತು ತೆಗೆದಳು. ಯಾರನ್ನೂ ಕೇಳದೆ ಸತ್ತವರ ದನಿ ತಂದದ್ದು ತನ್ನ ತಪ್ಪೆಂದಳು. ತಾತ ಬೇಡ ಎನ್ನುತ್ತಿದ್ದಾರೆ ಎಂದಳು. ತೆಗೆಯದಿದ್ದರೆ ನಾಳೆಯಿಂದ ಬರುವುದಿಲ್ಲ ಎಂದೂ ಹೇಳಿದಳು.

ಜಿಯಾವುಲ್ಲಾ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದ. "ಅದು ನಿಜವಾದ ಅಜ್ಜೀದಾ? ಯಾರೋ ನಾಟಕದವರ ಹತ್ರ ಹೇಳಿಸಿದ್ದು ಅಂದ್ಕೊಂಡಿದ್ದೆ ನಾನು."

"ನಂಗ ಗೊತ್ತಿತ್ರಿ," ಎಂದ ಸಂಗಮೇಶ ಮೆಲ್ಲಗೆ.

"ನಿನಗೆ ಗೊತ್ತಿತ್ತು, ಹೇಳಲಿಲ್ಲ. ಶಾಭಾಶ್." ಜಿಯಾವುಲ್ಲಾ ಪೆನ್ನನ್ನು ಮೇಜಿನ ಮೇಲಿಟ್ಟ. "ನಮ್ಮ ದಾದೀ ದನಿ ಹೀಗೆ ಯಾರದೋ ಫೋನಲ್ಲಿ ಬಂದಿದ್ರೆ ನಮ್ಮ ಅಬ್ಬಾ ನನ್ನ ಮನೆಯೊಳಗೆ ಬಿಡ್ತಿರಲಿಲ್ಲ. ಸ್ಯಾಂಪಲ್ ಇವತ್ತೇ ನೆಟ್‌ನಿಂದ ತೆಗೆದುಬಿಡು ಸಂಗಮೇಶ. ತೇಜಸ್ವಿನಿ, ಸೋಮವಾರಕ್ಕೆ ಬೇರೆ ಪಾತ್ರ ಬೇಕು. ಈ ಸಲ ಯಾರ ಮನೆಯದೂ ಬೇಡ."

"ಆರು ತಿಂಗಳ ಕೆಲಸ ನೀರಾಗ ಹೋತು," ಎಂದು ಸಂಗಮೇಶ ಹೆಡ್‌ಫೋನ್ ಹಾಕಿಕೊಂಡ. ಆದರೂ ಮಧ್ಯಾಹ್ನದೊಳಗೆ ತೆಗೆದ.

ತೆಗೆದದ್ದರಿಂದ ಹೆಬ್ಬಾಳ, ಕೆಂಪಾಪುರದಲ್ಲಿ ಆಡಿದವರ ಬಾಯಿ ನಿಲ್ಲಲಿಲ್ಲ. ಸುಬ್ರಮಣಿ ಫೋನು ಮಾಡಿ, "ತೆಗ್ದೇಬಿಟ್ರಂತೆ? ನಮ್ಮವ್ವ ಈಗ ಪೊಲೀಸ್ ಗಿಲೀಸ್ ಅಂತವ್ಳೆ, ನೀವೇ ಸಮಾಧಾನ ಮಾಡಿ ಮಾರಾಯ್ರೆ," ಎಂದು ನಗೆಯಾಡಿದ.

ತೇಜಸ್ವಿನಿ ತಾಯಿಯ ಹಿಂದೆ ಅಡಿಗೆಮನೆಗೆ ಹೋದಳು. ಸರಳಾ ಎಳ್ಳು ಹುರಿಯುತ್ತಿದ್ದಳು.

"ಅಮ್ಮ, ಹಬ್ಬದ ದಿನ ಎಲ್ಲಾ ಬಂದಾಗ ಪೂರ್ತಿ ರೆಕಾರ್ಡಿಂಗ್ ಹಾಕ್ತೀನಿ. ನೀನು ಮಾತಾಡಿದ್ದು ಅದ್ರಲ್ಲಿದೆ. ಎಲ್ರೂ ಕೇಳ್ಲಿ."

ಬಹಳ ದಿನಗಳ ಮೇಲೆ ಸರಳಾ ಮಗಳ ಮುಖ ನೋಡಿ ಮಾತಾಡಿದಳು. "ಯಾಕೆ? ನಾನು ಕೋರ್ಟಲ್ಲಿ ನಿಂತಿದೀನಾ?"

"ಹಂಗಲ್ಲ, ಚಿಕ್ಕಜ್ಜಿ ನಂಬ್ಬೇಕಲ್ಲ."

"ನಂಬದೆ ಇದ್ರೆ ಬಿಡ್ಲಿ. ನಮ್ಮತ್ತೆ ಜೊತೆ ನಾನು ಆಡಿದ್ ಮಾತನ್ನ ಹತ್ತು ಜನದ ಮುಂದೆ ಹಾಕಿ, ನೋಡಿ ನಾನೆಷ್ಟ್ ಒಳ್ಳೇಳು ಅನ್ಬೇಕಾ? ಬೇಡ. ಆ ಎಳ್ಳು ಸೀದು ಹೋಗತ್ತೆ, ಸೌಟು ಕೊಡು."

ತೇಜಸ್ವಿನಿ ಸೌಟು ಕೊಟ್ಟಳು.

"ತೌರಿಗೆ ಹೋಗ್ತೀಯಾ ಹಬ್ಬದ ದಿನ?"

"ಹೋಗೋಳು ಎಳ್ಳು ಯಾಕ್ ಹುರೀತಾಳೆ? ಬೇರೆಯವ್ರು ಬಂದು ನನ್ ಒಲೆ ಮುಂದೆ ನಿಂತ್ರೆ ಯಾವ್ ಡಬ್ಬೀಲಿ ಏನಿದೆ ಅಂತ ಗೊತ್ತಾಗಲ್ಲ. ಅಡಿಗೆ ಮಾಡ್ತೀನಿ. ಎಡೆ ಯಾರಾದ್ರೂ ಇಟ್ಕೊಳ್ಲಿ."

ಅಮಾವಾಸ್ಯೆಯ ದಿನ ಅವಳು ನಸುಕಿಗೇ ಎದ್ದಳು. ತೇಜಸ್ವಿನಿ ರಜೆ ಹಾಕಿ ಕಾಯಿ ತುರಿದಳು, ನಂದಕುಮಾರ್ ಕೋಳಿ ತಂದ. ಮುದ್ದೆ, ಕೋಳಿ ಸಾರು, ಒಬ್ಬಟ್ಟು, ಕಡಲೆಬೇಳೆ ವಡೆ, ಎಳ್ಳಿನ ಚಿಗಳಿ ಎಲ್ಲ ಸಿದ್ಧವಾದವು. ಮುನಿಕೆಂಪಮ್ಮ ಇದ್ದ ಕೋಣೆಯನ್ನು ಸಾರಿಸಿ, ಕಳಶಕ್ಕೆ ಹೊಸ ಸೀರೆ ಉಡಿಸಿ, ಬಳೆ, ಅರಿಸಿನ ಕುಂಕುಮ, ಹೂವು ಇಟ್ಟರು. ಅಕ್ಕಯಮ್ಮ ಮಗನೊಡನೆ ಬಂದಳು. ಅವಳೂ ಮನೆಯಿಂದ ಕಜ್ಜಾಯ ಮಾಡಿ ತಂದಿದ್ದಳು; ಬಾಳೆಲೆಯನ್ನೂ ತಂದಿದ್ದಳು. ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಕಾಲು ತೊಳೆದಳು.

"ಎಲ್ಲಿ, ಅಡಿಗೆ ಈಚೆಗ್ ಕೊಡಿ. ನಾನ್ ಬಡಿಸ್ತೀನಿ."

ಬ್ಯಾಟರಾಯಪ್ಪನವರು ಮಡಿಪಂಚೆ ಉಟ್ಟು ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ಎಡೆ ಸರಳಾ ಇಡ್ತಾಳೆ," ಎಂದರು.

"ಬಾವ!"

"ಕೋಪ ಮಾಡ್ಕಬ್ಯಾಡ ಅಕ್ಕಯಮ್ಮ. ಕೊನೇ ಎರಡು ವರ್ಷ ನಿಮ್ಮಕ್ಕ ನನ್ನೇ ಯಾರು ಅಂತ ಕೇಳೋಳು. ಇವಳ ಕೈಯ ತುತ್ತು ಮಾತ್ರ ಗುರುತಿತ್ತು. ಇವತ್ತು ಬ್ಯಾರೆ ಕೈ ಕಂಡ್ರೆ ಯಾರ್ ಮನೆಗೋ ಬಂದ್ನಲ್ಲಾ ಅಂತ ತಿರುಗಿ ಒಂಟೋಯ್ತಾಳೆ. ಆಮ್ಯಾಕೆ ಎಲ್ಲಿ ಉಡುಕೋಣ?"

"ಕಜ್ಜಾಯ ಕೊಡು, ಅದನ್ನೂ ಇಡ್ಲಿ," ಎಂದು ಅವರೇ ಕೈ ಚಾಚಿದರು. ಅಕ್ಕಯಮ್ಮ ಡಬ್ಬಿಯನ್ನು ಕೊಟ್ಟು, ಹಿಂದೆ ಸರಿದು ಗೋಡೆಗೆ ಒರಗಿದಳು.

ಸರಳಾ ಎಲೆ ಹಾಕಿ ಒಂದೊಂದಾಗಿ ಬಡಿಸಿದಳು. ಮುದ್ದೆಯನ್ನು ಸಣ್ಣದಾಗಿ ಮುರಿದಿಟ್ಟಳು, ಕೋಳಿಯ ಮೂಳೆ ಬಿಡಿಸಿದಳು. ಎಲ್ಲರೂ ಧೂಪ ಹಾಕಿ ಅಡ್ಡಬಿದ್ದರು. ಇನ್ನು ಬಾಗಿಲು ಮುಚ್ಚಿ ಹೊರಗಿರಬೇಕು. ಬಂದ ಹಿರಿಯರು ಯಾರ ಕಣ್ಣಿಗೂ ಬೀಳದೆ ಉಂಡು ಹೋಗಬೇಕೆಂಬುದು ನಡೆದುಬಂದ ಕ್ರಮ. ಸರಳಾ ಬಾಗಿಲು ಎಳೆದಳು. ಮಳೆಗಾಲಕ್ಕೆ ಮರ ಉಬ್ಬಿತ್ತು. ಬಾಗಿಲು ನಿಲ್ಲದೆ ಹಿಂದಕ್ಕೆ ತೆರೆದುಕೊಂಡಿತು. ಮತ್ತೆ ಎಳೆದಳು. ಮತ್ತೆ ತೆರೆದುಕೊಂಡಿತು.

ಸುಬ್ರಮಣಿ ನೆಲ ನೋಡಿದ. ಅಕ್ಕಯಮ್ಮ ಚಿಲಕವನ್ನೇ ನೋಡುತ್ತಿದ್ದಳು. ನಂದಕುಮಾರ್, "ನಾನ್ ಹಾಕ್ತೀನಿ," ಎಂದು ಮುಂದೆ ಬಂದ.

"ಬೇಡ," ಎಂದಳು ಸರಳಾ. ಬಾಗಿಲನ್ನು ಒತ್ತಿ ಹಿಡಿದು ಚಿಲಕ ಹಾಕಿದಳು.

ಆಮೇಲೆ ಎಲ್ಲರೂ ಓಣಿಯಲ್ಲಿ ನಿಂತು ಕಾದರು. ಹೊರಗೆ ತರಕಾರಿಯವನು ಕೂಗಿಕೊಂಡು ಹೋದ. ವಾಯುಪಡೆಯ ವಿಮಾನವೊಂದು ಮನೆಯ ಮೇಲೆ ಹಾದು ಹೋಯಿತು. ಬ್ಯಾಟರಾಯಪ್ಪನವರು ಕಣ್ಣು ಮುಚ್ಚಿ ತುಟಿಯಲ್ಲಿಯೇ ನಾಮಸ್ಮರಣೆ ಮಾಡುತ್ತಿದ್ದರು. ಎಡೆ ಇಟ್ಟವರು ತೆರೆಯುವ ಮುಂಚೆ ಒಂದು ಮಾತು ಕೇಳಿ ತೆರೆಯಬೇಕು. ಸಾಮಾನ್ಯವಾಗಿ ಕದ ತಟ್ಟಿ, ಕೇಳುತ್ತಲೇ ತೆರೆದುಬಿಡುತ್ತಾರೆ.

ಸರಳಾ ಕದಕ್ಕೆ ಮುಖ ಹತ್ತಿರ ತಂದಳು.

"ಅತ್ತೆ, ನಾನೇ, ಸರಳಾ. ಊಟ ಆಯ್ತಾ? ಬಾಗಿಲು ತೆಗೀಲಾ?"

ಕೇಳಿ ಅವಳು ತೆರೆಯಲಿಲ್ಲ. ಕೈ ಚಿಲಕದ ಮೇಲಿತ್ತು. ಒಳಗಿನಿಂದ ಮಾತು ಬರಲಿ ಎಂಬಂತೆ ತಲೆ ವಾಲಿಸಿ ನಿಂತಳು. ಹಾಗೆ ನಿಲ್ಲುವುದು ಅವಳ ಮೈಗೆ ರೂಢಿಯಾಗಿತ್ತೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ತೇಜಸ್ವಿನಿ ತಾತನ ಕೈ ಹಿಡಿದುಕೊಂಡಳು. ಸರಳಾ ಕಾಯುತ್ತಲೇ ಇದ್ದಳು.

ಗೋಡೆಯ ಬದಿಯಿಂದ ಅಕ್ಕಯಮ್ಮ ಮೂಗು ಒರೆಸಿಕೊಂಡು ಹೇಳಿದಳು:

"ಆಗಿರ್ತದೆ ಕಣವ್ವಾ. ತೆಗಿ."